ಅಂಕಿಗಳೆಲ್ಲವೂ ಸಂಖ್ಯೆಗಳಲ್ಲ: ದತ್ತಾಂಶ ನಮೂದು ಸಿಬ್ಬಂದಿಗೆ ಅಭ್ಯಾಸ ಪಾಠ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸಿಬ್ಬಂದಿಯ ಅವಗಾಹನೆಗಾಗಿ.

ಫಲಾನುಭವಿಗಳ ಪಟ್ಟಿಯು ಎಕ್ಸೆಲ್ ಹಾಳೆಯಿಂದ ತಂತ್ರಾಂಶಕ್ಕೆ, ಅಲ್ಲಿಂದ ದತ್ತಸಂಚಯಕ್ಕೆ ಸಾಗುವಾಗ ಪ್ರತಿಯೊಂದು ಹಂತವೂ ಅಂಕಿಗಳನ್ನು ತನ್ನದೇ ರೀತಿಯಲ್ಲಿ ಗ್ರಹಿಸುತ್ತದೆ. ಈ ನಡುವೆ ಒಂದೇ ಅಂಕಿ ಕಳೆದರೂ ಅರ್ಹರಿಗೆ ಸಲ್ಲಬೇಕಾದ ಹಣ ತಿರಸ್ಕೃತವಾಗಬಹುದು. ಆದ್ದರಿಂದ ದೋಷದ ಲಕ್ಷಣಗಳನ್ನು ಗುರುತಿಸುವುದು ಅಗತ್ಯ.

1. ಮೊದಲ ಸೊನ್ನೆ ಮಾಯವಾಗುವುದು: ಸೊನ್ನೆಯಿಂದ ಆರಂಭವಾಗುವ 13 ಅಂಕಿಗಳ ಖಾತೆ ಸಂಖ್ಯೆಯನ್ನು ಸಂಖ್ಯಾ ಅಂಕಣದಲ್ಲಿ ನಮೂದಿಸಿದರೆ 12 ಅಂಕಿಗಳು ಮಾತ್ರ ಉಳಿಯುತ್ತವೆ.

2. ಕೊನೆಯ ಅಂಕಿ ಬದಲಾಗುವುದು: ಎಕ್ಸೆಲ್ 15 ಅಂಕಿಗಳನ್ನು ಮಾತ್ರ ನಿಖರವಾಗಿ ಉಳಿಸಿಕೊಂಡು, 16ನೆಯದನ್ನು ಸೊನ್ನೆಯಾಗಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯೂ 9007199254740991ರ ಆಚೆಗೆ ನಿಖರತೆಯ ಭರವಸೆ ನೀಡುವುದಿಲ್ಲ.

3. ಹಲವರಿಗೆ ಒಂದೇ ಮೊಬೈಲ್ ಸಂಖ್ಯೆ: 32 ಬಿಟ್‌ನ ಪೂರ್ಣಾಂಕ ಅಂಕಣದ ಗರಿಷ್ಠ ಮಿತಿ 2147483647. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರವರೆಗಿನ ಅಂಕಿಯಿಂದ ಆರಂಭವಾಗುವುದರಿಂದ ಯಾವುದೂ ಅದರಲ್ಲಿ ಹಿಡಿಯದು. ಮೈಎಸ್‌ಕ್ಯೂಎಲ್ ಕಟ್ಟುನಿಟ್ಟಿನ ಕ್ರಮದಲ್ಲಿದ್ದರೆ ದೋಷ ಸಂದೇಶ ನೀಡುತ್ತದೆ. ಇಲ್ಲದಿದ್ದರೆ ಎಲ್ಲರ ಹೆಸರಿನ ಮುಂದೆಯೂ 2147483647 ಎಂದೇ ಬರೆಯುತ್ತದೆ.

4. ಪೈಸೆಯ ವ್ಯತ್ಯಾಸ: ಫ್ಲೋಟ್, ಡಬಲ್ ಮಾದರಿಗಳು ದಶಮಾಂಶವನ್ನು ದ್ವಿಮಾನದಲ್ಲಿ ಅಂದಾಜಾಗಿ ಇಡುತ್ತವೆ. ಡಬಲ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ತೆರಿಗೆ ವಸೂಲಿಯ ಮೊತ್ತ ರಸೀದಿಗಳೊಂದಿಗೆ ತಾಳೆಯಾಗದಿರಲು ಇದೂ ಕಾರಣವಾಗಬಹುದು.

ಪರಿಹಾರಕ್ಕೆ ಒಂದು ಸರಳ ಪರೀಕ್ಷೆಯಿದೆ. ಮಾಲೂರಿನ ಪಿನ್ ಕೋಡ್ 563130, ಮುಳಬಾಗಿಲಿನದು 563131. ಇವೆರಡನ್ನು ಕೂಡಿದರೆ ಯಾವ ಊರೂ ದೊರೆಯದು. ಕೂಡಿದರೆ ಅರ್ಥವಿಲ್ಲದ ಅಂಕಿಗಳು ಗುರುತುಗಳೇ ಹೊರತು ಸಂಖ್ಯೆಗಳಲ್ಲ. ಪಿನ್ ಕೋಡ್, ಆಧಾರ್, ಮೊಬೈಲ್, ಖಾತೆ ಸಂಖ್ಯೆಗಳನ್ನು ಎಲ್ಲ ಹಂತಗಳಲ್ಲಿಯೂ ಪಠ್ಯವಾಗಿಯೇ ಇರಿಸತಕ್ಕದ್ದು. ಹಣಕ್ಕೆ ದತ್ತಸಂಚಯದಲ್ಲಿ ಡೆಸಿಮಲ್(12,2), ಜಾವಾದಲ್ಲಿ ಬಿಗ್‌ಡೆಸಿಮಲ್, ಪೈಥಾನ್‌ನಲ್ಲಿ ಡೆಸಿಮಲ್ ಬಳಸುವುದು ಸೂಕ್ತ.

ಎಕ್ಸೆಲ್‌ನಲ್ಲಿ ನಮೂದಿಸುವ ಮೊದಲೇ ಅಂಕಣವನ್ನು ಪಠ್ಯವೆಂದು ನಿಗದಿಪಡಿಸಬೇಕು. ನಂತರ ಬದಲಿಸಿದರೆ ಕಳೆದ ಅಂಕಿ ಮರಳುವುದಿಲ್ಲ. ಪಟ್ಟಿ ಕಳುಹಿಸುವ ಮುನ್ನ ಪಿನ್ ಕೋಡ್‌ಗೆ 6, ಮೊಬೈಲ್‌ಗೆ 10, ಆಧಾರ್‌ಗೆ 12 ಅಂಕಿಗಳಿವೆಯೇ ಎಂದು ಪರಿಶೀಲಿಸಬೇಕು. ಖಾತೆ ಸಂಖ್ಯೆಯ ಉದ್ದವು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗುವುದರಿಂದ ಕಳೆದ ಸೊನ್ನೆಯನ್ನು ಊಹೆಯಿಂದ ಸೇರಿಸತಕ್ಕದ್ದಲ್ಲ. ಫಲಾನುಭವಿಯ ಪಾಸ್‌ಪುಸ್ತಕವನ್ನು ನೋಡಿಯೇ ತಿದ್ದಬೇಕು.