ಅಂಗಳಕ್ಕೆ ಬಂದ ಟ್ಯಾಕ್ಸಿ

ಮಗಾ, ನಿನ್ನ ಹೊಸ ಗಾಡಿಗೆ ನಮ್ಮ ಟಿಟ್ವಾಳಾದ ಗಣಪತಿ ದೇವಸ್ಥಾನದ ಎದುರು ಪೂಜೆ ಮಾಡಿಸಿದ ದಿನ ನಾನೂ ಅಲ್ಲಿದ್ದೆ. ಚಕ್ರದಡಿ ಲಿಂಬೆಹಣ್ಣು ಇಟ್ಟದ್ದಾಯಿತು, ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ ಆಯಿತು, ನಿನ್ನಮ್ಮ ಸಿಕ್ಕವರಿಗೆಲ್ಲ ಪೇಡೆ ಹಂಚಿದರು. ನೀನು ಖುಷಿಗೆ ಮೂರು ಸಲ ಹಾರ್ನ್ ಬಾರಿಸಿದೆ. ಯಾರಿಗೂ ಬೇಜಾರಾಗಲಿಲ್ಲ. ಅಂಗಾರಕಿ ಸಂಕಷ್ಟಿಯ ದಿನ ಅರ್ಧ ಮುಂಬಯಿಯೇ ಬಂದು ಸಾಲು ನಿಲ್ಲುವ ಆ ರಸ್ತೆಯಲ್ಲಿ ಮೂರು ಹಾರ್ನ್ ಯಾವ ಲೆಕ್ಕ?

ಆದರೆ ಕಳೆದ ಗುರುವಾರ ಬೆಳಗಿನ ಜಾವ 3.40ಕ್ಕೆ ನಮ್ಮ ಸೊಸೈಟಿಯ ಗೇಟಿನಲ್ಲಿ ಒಬ್ಬ ಬಾರಿಸಿದ್ದು ಲೆಕ್ಕಕ್ಕೆ ಬರುತ್ತದೆ. ಅದು ನೀನಲ್ಲ, ಗೊತ್ತು. ನಿನ್ನದೇ ಥರದ ಬಿಳಿ ಗಾಡಿ, ಹಳದಿ ನಂಬರ್ ಪ್ಲೇಟು, ನಿನ್ನದೇ ಪ್ರಾಯದ ಹುಡುಗ. ಮೊದಲ ಹಾರ್ನಿಗೆ ಗೇಟಿನ ನಾಯಿಗಳು ಎದ್ದವು. ಎರಡನೆಯದಕ್ಕೆ ಡಕ್ಟಿನಲ್ಲಿ ಕೂತ ಪಾರಿವಾಳಗಳು ಪಟಪಟ ರೆಕ್ಕೆ ಬಡಿದವು. ಬಿ ವಿಂಗಿನಲ್ಲಿ ನಲವತ್ತು ದಿನದ ಕೂಸೊಂದಿದೆ, ಅದೂ ಶುರು ಮಾಡಿತು. ಆಮೇಲೆ ಹುಡುಗ ಇಳಿದು, ತಲೆ ಮೇಲೆತ್ತಿ, ಯಾವ ಮನೆಯೆಂದು ಗೊತ್ತಿಲ್ಲದ ಕಾರಣ ಇಡೀ ಕಟ್ಟಡಕ್ಕೇ ಕೇಳುವ ಹಾಗೆ ಫೋನಿನಲ್ಲಿ, ‘ಅರೇ ಭಾಯ್, ನೀಚೇ ಖಡಾ ಹೂಂ, ಕಬ್ ಸೇ!’ ಎಂದ. ಡಿಕ್ಕಿ ತೆಗೆದು ಧಡಾರೆಂದು ಮುಚ್ಚಿದ. ಗಾಡಿ ಹಿಂದಕ್ಕೆ ತೆಗೆಯುವಾಗ ಅದು ಯಾವುದೋ ಸಿನಿಮಾ ಹಾಡಿನ ಪೀಪಿ ಬೇರೆ ಊದಿತು. ಅಷ್ಟರಲ್ಲಿ ಒಂಬತ್ತು ಕಿಟಕಿಗಳಲ್ಲಿ ದೀಪ. ನಾನು ಗ್ಯಾಲರಿಯಲ್ಲಿ ನಿಂತು ಲೆಕ್ಕ ಹಾಕಿದೆ. ಮುದುಕನಿಗೆ ಆ ಹೊತ್ತಿನಲ್ಲಿ ಬೇರೇನು ಕೆಲಸ?

ಗಾಡಿ ಹತ್ತಲು ಬಂದವರನ್ನು ನೋಡಿ ನನ್ನ ಹೊಟ್ಟೆ ಚುರುಕ್ಕೆಂದಿತು. ಮೂರನೇ ಮಾಳಿಗೆಯ ಹಿರಿಯರು, ಊರಲ್ಲಿ ತಮ್ಮನ ಉತ್ತರಕ್ರಿಯೆಗೆ ಹೊರಟವರು. ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ತಲೆ ತಗ್ಗಿಸಿ, ಕದ್ದು ಹೋಗುವವರ ಹಾಗೆ ಬಂದು ಕೂತರು. ಬೆಳಿಗ್ಗೆ ಹಾಲಿನವನ ಹತ್ತಿರ ನಿಂತವರೆಲ್ಲ ಬೈದದ್ದು ಅವರ ಮನೆಯ ಹೆಸರು ಹೇಳಿ. ಡ್ರೈವರನ ಹೆಸರು ಯಾರಿಗೆ ಗೊತ್ತು? ನೀನು ಐದು ನಿಮಿಷದಲ್ಲಿ ಕಲ್ಯಾಣದ ರಸ್ತೆ ಹಿಡಿದು ಹೋಗುತ್ತೀ. ನಿನ್ನ ಗಿರಾಕಿ ಅದೇ ಜನರ ಜೊತೆ, ಅದೇ ಲಿಫ್ಟಿನಲ್ಲಿ, ಇನ್ನೂ ವರ್ಷಗಟ್ಟಲೆ ಹತ್ತಿಳಿಯಬೇಕು.

ಟಿಟ್ವಾಳಾದವರ ನಿದ್ದೆ ಎಂಥದ್ದು ಎಂದು ನಿನಗೆ ನಾನು ಹೇಳಬೇಕಾ? ನಿನ್ನಪ್ಪ ಆಯುಷ್ಯವನ್ನೆಲ್ಲ ಕಸಾರಾ ಲೋಕಲಿನಲ್ಲಿ ಕಳೆದವರು. ಸಿಎಸ್‌ಟಿಯಿಂದ ಇಲ್ಲಿಗೆ 60 ಕಿಲೋಮೀಟರಿಗೂ ಮೇಲೆ. ಕಲ್ಯಾಣದ ತನಕ ಗಾಡಿಯ ಹಿಂದೆ ಗಾಡಿ. ಅಲ್ಲಿಂದ ಆಚೆ ಶಹಾಡ್, ಅಂಬಿವಲಿ, ಟಿಟ್ವಾಳಾ ಎಂದರೆ ಕಾಯುವವರ ಲೈನು. ಹೋಟೆಲಿನಲ್ಲಿ ಗಲ್ಲಾ ಮುಚ್ಚಿ ಹೊರಟವನು ಮನೆ ಮುಟ್ಟುವಾಗ ರಾತ್ರಿ ಒಂದು. ಬೆಳಿಗ್ಗೆ ಕೂರಲು ಸೀಟು ಸಿಗುವ ಗಾಡಿ ಹಿಡಿಯಬೇಕೆನ್ನುವವನು ಏಳುವುದು ನಾಲ್ಕೂವರೆಗೆ. ಒಂದೇ ಕಟ್ಟಡದಲ್ಲಿ ಒಬ್ಬ ಬಂದು ಮಲಗುವ, ಇನ್ನೊಬ್ಬ ಎದ್ದು ಹೊರಡುವ ನಡುವೆ ಎಲ್ಲರೂ ಒಟ್ಟಿಗೆ ನಿದ್ದೆ ಮಾಡುವ ಹೊತ್ತು ಮೂರು ಮೂರೂವರೆ ಗಂಟೆ, ಅಷ್ಟೆ. ನಿನ್ನ ಏರ್‌ಪೋರ್ಟ್ ಬಾಡಿಗೆ ಬರುವುದೂ ಸರಿಯಾಗಿ ಅದರೊಳಗೇ. ಆರರ ವಿಮಾನ ಹಿಡಿಯಬೇಕಾದವರು ಇಲ್ಲಿಂದ ಮೂರಕ್ಕಾದರೂ ಬಿಡಬೇಕು. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ, ಅದು ಈ ಊರಿನ ದೂರದ ತಪ್ಪು. ಆದರೆ ಹೊತ್ತು ಅಂಥದ್ದು ಎಂದು ಗೊತ್ತಿದ್ದ ಮೇಲೆ ಕಾಲಿಡುವ ರೀತಿಯೂ ಹಾಗೇ ಇರಬೇಕಲ್ಲ ಮಾರಾಯ.

ನಾನು ಮುಂಬಯಿಗೆ ಬಂದ ಕಾಲದಲ್ಲಿ ಟ್ಯಾಕ್ಸಿ ಯಾರ ಮನೆ ಬಾಗಿಲಿಗೂ ಬರುತ್ತಿರಲಿಲ್ಲ. ನಾವೇ ನಾಕಾಕ್ಕೆ ಹೋಗಿ, ಸಾಲಲ್ಲಿ ನಿಂತ ಕಪ್ಪು-ಹಳದಿ ಪದ್ಮಿನಿಯ ಕಿಟಕಿಗೆ ಬಗ್ಗಿ, ‘ಕುರ್ಲಾ ಆಯೇಗಾ?’ ಎಂದು ಕೇಳುತ್ತಿದ್ದೆವು. ಅವನು ತಲೆಯಾಡಿಸಿದರೆ ನಮ್ಮ ಪುಣ್ಯ. ಅವನು ಹೊರಗೆ ಕೈ ಹಾಕಿ ಮೀಟರಿನ ಬಾವುಟ ತಿರುವಿದಾಗ ಟಿಣ್ ಎನ್ನುತ್ತಿತ್ತು; ಹತ್ತಿಸಿಕೊಳ್ಳುವಾಗ ಆಗುತ್ತಿದ್ದ ಸದ್ದು ಅದೊಂದೇ. 2023ರ ಅಕ್ಟೋಬರ್ ಕೊನೆಗೆ ಆ ಪದ್ಮಿನಿಗಳೂ ರಸ್ತೆಯಿಂದ ಹೋದವು. ಓಲಾ, ಉಬರ್ ಬಂದ ಮೇಲೆ ಬೆರಳೊತ್ತಿದರೆ ಗಾಡಿ ಬಾಗಿಲಿಗೆ. ಒಳ್ಳೆಯದೇ, ನನ್ನಂಥ ಮೊಣಕಾಲಿನವರಿಗೆ ದೊಡ್ಡ ಉಪಕಾರ. ಆದರೆ ಗಾಡಿ ಬಾಗಿಲಿಗೆ ಬಂದಷ್ಟು ಬೇಗ ಬಾಗಿಲಿನ ರೀತಿ ರಿವಾಜು ಬರಲಿಲ್ಲ. ಊರಲ್ಲಿ ಅಜ್ಜನ ಕಾಲದಲ್ಲಿ ಒಂದು ಕ್ರಮವಿತ್ತು: ಬೇರೆಯವರ ಮನೆಗೆ ಹೋದರೆ ಅಂಗಳದಲ್ಲಿ ನಿಂತು ಮೆಲ್ಲಗೆ ಕೆಮ್ಮಬೇಕು, ‘ಇದ್ದೀರಾ?’ ಎಂದು ಒಮ್ಮೆ ಕೇಳಬೇಕು, ಒಳಗಿನಿಂದ ದನಿ ಬರುವ ತನಕ ಜಗಲಿ ಹತ್ತಬಾರದು. ಸೊಸೈಟಿಯ ಗೇಟಿನಿಂದ ಲಿಫ್ಟಿನ ತನಕ ಇರುವ ಆ ಸಿಮೆಂಟಿನ ಜಾಗವೂ ಅಂಗಳವೇ. ಹೆದ್ದಾರಿಯಲ್ಲಿ ನೀನು ಡ್ರೈವರ್. ಇಲ್ಲಿ ಐದು ನಿಮಿಷದ ಮಟ್ಟಿಗೆ ನೆಂಟ.

ನಾನು ಹನ್ನೆರಡರ ಪ್ರಾಯದಲ್ಲಿ ಫೋರ್ಟಿನ ಒಂದು ಹೋಟೆಲಿಗೆ ಸೇರಿದವನು, ನಿನಗೆ ಗೊತ್ತುಂಟು. ಅಲ್ಲಿ ನಮ್ಮ ಸೇಟು ಮೊದಲ ದಿನ ಕಲಿಸಿದ್ದು ಚಾ ಮಾಡುವುದನ್ನಲ್ಲ, ಗ್ಲಾಸು ಇಡುವುದನ್ನು. ಕುಕ್ಕಬಾರದು. ಕಿರುಬೆರಳನ್ನು ಮೊದಲು ಮೇಜಿಗೆ ತಾಗಿಸಿ, ಅದರ ಮೇಲೆ ಗ್ಲಾಸಿನ ಅಡಿ ಇಟ್ಟು, ಬೆರಳು ಎಳೆದುಕೊಳ್ಳಬೇಕು. ಸದ್ದೇ ಆಗದು. ‘ಗಿರಾಕಿ ಚಾದ ರುಚಿ ಮರೆತಾನು, ಕುಕ್ಕಿದ್ದನ್ನು ಮರೆಯ’ ಎನ್ನುತ್ತಿದ್ದರು ಅವರು. ನನ್ನ ಬೆರಳಿಗೆ ಎಷ್ಟು ಸಲ ಬಿಸಿ ತಾಗಿತೋ ದೇವರೇ ಬಲ್ಲ. ಡಿಕ್ಕಿ ಮುಚ್ಚುವಾಗ ಆ ಕಿರುಬೆರಳು ನಿನಗೆ ನೆನಪಾಗಲಿ. ಕೆಳಕ್ಕೆ ತಂದು, ಕೊನೆಗೆ ಅಂಗೈಯಿಂದ ಒಮ್ಮೆ ಒತ್ತಿದರೆ ಅದು ತಾನಾಗಿ ಕೂರುತ್ತದೆ. ಬಾಗಿಲೂ ಹಾಗೆ.

ನೀನು ಹೇಳುವುದೂ ಸರಿ, ನಾನು ಕಿವುಡನಲ್ಲ. ‘ಮಾಮ, ಪ್ಯಾಸೆಂಜರು ಹತ್ತು ನಿಮಿಷ ಎನ್ನುತ್ತಾರೆ, ಅರ್ಧ ಗಂಟೆ ಮಾಡುತ್ತಾರೆ.’ ಮಾಡುತ್ತಾರೆ. ನಮ್ಮ ಜನರೇ ಹೆಚ್ಚು. ಗಾಡಿ ಬಂದು ನಿಂತ ಮೇಲೆ ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ಮೂರು ಸಲ ನೋಡುವುದು, ದೇವರಿಗೆ ದೀಪ ಇಡುವುದು, ನೆರೆಮನೆಗೆ ಕೀಲಿಕೈ ಕೊಟ್ಟು ಅಲ್ಲೇ ನಿಂತು ಒಂದು ಕತೆ ಹೇಳುವುದು. ನನ್ನ ಹೆಂಡತಿ ಈ ವಿದ್ಯೆಯಲ್ಲಿ ಪಾರಂಗತಳು, ಇದನ್ನು ಅವಳಿಗೆ ಹೇಳಬೇಡ. ಆದರೆ ಒಂದು ಯೋಚಿಸು: ನೀನು ಬಂದಿದ್ದೀ ಎಂದು ಅವರಿಗೆ ಗೊತ್ತುಂಟು. ಫೋನಿನಲ್ಲಿ ನಿನ್ನ ಗಾಡಿ ತಿರುವು ತಿರುವಿಗೂ ಕಾಣುತ್ತದೆ. ಗೊತ್ತಿದ್ದೂ ಇಳಿಯದವರು ಹಾರ್ನ್ ಕೇಳಿ ಇಳಿದಾರಾ? ಹೊಸ ಸುದ್ದಿ ಸಿಗುವುದು ಮಲಗಿದವರಿಗೆ ಮಾತ್ರ.

ಅದಕ್ಕೆ ಹಿಂದಿನ ದಿನ ಸಂಜೆಯೇ ಒಂದು ಫೋನ್ ಮಾಡು. ‘ಸಾರ್, ಬೆಳಿಗ್ಗೆ ಮೂರಕ್ಕೆ ಐದು ನಿಮಿಷ ಇರುವಾಗ ಗೇಟಿನ ಹತ್ತಿರ ಇರುತ್ತೇನೆ, ಒಂದು ಮಿಸ್ಡ್ ಕಾಲ್ ಕೊಡುತ್ತೇನೆ, ಹಾರ್ನ್ ಹಾಕುವುದಿಲ್ಲ’ ಎಂದುಬಿಡು. ಕಾಯುವ ದುಡ್ಡಿನ ಮಾತೂ ಆಗಲೇ ಆಗಿಹೋಗಲಿ. ಸಂಜೆ ಮೆತ್ತಗೆ ಹೇಳಿದ್ದು ನಡುರಾತ್ರಿಯ ಜಗಳ ತಪ್ಪಿಸುತ್ತದೆ. ಆ್ಯಪಿನ ಬಾಡಿಗೆಯಾದರೆ ಬಂದೆ ಎಂದು ಮೆಸೇಜ್ ಹಾಕು, ಎರಡು ನಿಮಿಷ ಬಿಟ್ಟು ಫೋನ್ ಮಾಡು, ಎತ್ತದಿದ್ದರೆ ವಾಚ್‌ಮನ್ ಇದ್ದಾನೆ, ಇಂಟರ್‌ಕಾಮ್ ಉಂಟು. ಎಂಜಿನ್ ಬಂದ್ ಮಾಡು, ಸಿಎನ್‌ಜಿಯೂ ಉಳಿಯುತ್ತದೆ. ಹೆಡ್‌ಲೈಟು ತಳಮಾಳಿಗೆಯವರ ಮಂಚದ ಮೇಲೆ ಬೀಳದಿರಲಿ. ಆ ರಿವರ್ಸ್ ಪೀಪಿಯನ್ನು ಮೊದಲು ಕೀಳಿಸು. ತುಪ್ಪುವುದಿದ್ದರೆ... ಬೇಡ, ನೀನು ಗುಟ್ಕಾ ಬಿಟ್ಟೆನೆಂದು ನಿನ್ನಮ್ಮನಿಗೆ ಹೇಳಿದ್ದೀಯಂತೆ, ನಾನೂ ನಂಬಿದ್ದೇನೆ.

ಕಾನೂನು ಹೇಳಿ ಹೆದರಿಸುವವನಲ್ಲ ನಾನು. ಆದರೂ ಗೊತ್ತಿರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ವಸತಿ ಪ್ರದೇಶದಲ್ಲಿ ಹಾರ್ನ್ ಕೂಡದು ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿತು. 2000ದ ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ಅದನ್ನು ಸೇರಿಸಿದರು. ಆ ನಿಯಮದ ಪ್ರಕಾರ ಮನೆಗಳಿರುವ ಕಡೆ ರಾತ್ರಿಯ ಮಿತಿ 45 ಡೆಸಿಬಲ್, ಹೆಚ್ಚುಕಡಿಮೆ ನಾವಿಬ್ಬರು ಮೆಲ್ಲಗೆ ಮಾತಾಡಿದಷ್ಟು. 2019ರ ತಿದ್ದುಪಡಿಯ ಮೇಲೆ ಸುಮ್ಮನೆ ಹಾರ್ನ್ ಬಾರಿಸಿದ್ದಕ್ಕೆ ಮೊದಲ ಸಲ 1000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 2000. ನಮ್ಮ ಮುಂಬಯಿ ಪೊಲೀಸರು ಒಂದು ತಮಾಷೆ ಮಾಡಿದ್ದರಲ್ಲ, 2020ರಲ್ಲಿ ವಿಡಿಯೋ ಬಂದಿತ್ತು: ಸಿಗ್ನಲಿನಲ್ಲಿ ಹಾರ್ನಿನ ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ! ಬ್ರಿಟನ್ನಿನ ರಸ್ತೆ ನಿಯಮದಲ್ಲಂತೂ ನಿಂತ ಗಾಡಿಯಿಂದ ಹಾರ್ನ್ ಬಾರಿಸುವುದೇ ತಪ್ಪು, ಹಗಲಾದರೂ ಸರಿ. ಅಪಾಯವಿದ್ದರೆ ಮಾತ್ರ ಬಿಟ್ಟುಕೊಡುತ್ತಾರೆ. ಇಲ್ಲಿ ಮೂರೂವರೆಯ ಹೊತ್ತಿಗೆ ಯಾವ ಪೊಲೀಸನೂ ನಮ್ಮ ಗಲ್ಲಿಗೆ ಬರುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಹೇಳುತ್ತಿರುವುದು ಪೊಲೀಸನಲ್ಲ, ನಾನು.

ಇನ್ನೊಂದು ಸಂಗತಿ ಸದ್ದಿಗೇ ಸೇರಿದ್ದು, ಆದರೆ ಬೇರೆ ಬಗೆಯದು. ಒಂದು ಮನೆಗೆ ಬೀಗ ಬಿದ್ದದ್ದು ಊರಿಗಿಂತ ಮೊದಲು ಗೊತ್ತಾಗುವುದು ನಿನಗೆ. ನಾಲ್ಕು ಬ್ಯಾಗು ಇಳಿದವು, ಮಕ್ಕಳೂ ಹೊರಟರು ಎಂದರೆ ಹದಿನೈದು ದಿನ ಆ ಮನೆಯಲ್ಲಿ ಯಾರೂ ಇಲ್ಲ. ‘ಎಷ್ಟು ದಿನ ಸಾರ್? ಮನೆಯಲ್ಲಿ ಯಾರೂ ಇರುವುದಿಲ್ವಾ?’ ಎಂದು ನೀನು ಪ್ರೀತಿಯಿಂದಲೇ ಕೇಳಬಹುದು, ಕೇಳಬೇಡ. ಸ್ಟೇಷನ್ ಹತ್ತಿರದ ಚಾ ಟಪರಿಯಲ್ಲಿ ಆ ಮನೆಯ ಮಾತನ್ನೂ ಎತ್ತಬೇಡ. ಒಬ್ಬಳೇ ಹೊರಟ ಹುಡುಗಿಯಾದರೆ ಯಾವ ಮಾಳಿಗೆ, ಯಾವ ಕಿಟಕಿ ಎಂದು ತಲೆ ಎತ್ತಿ ನೋಡುತ್ತ ನಿಲ್ಲಬೇಡ. ಬ್ಯಾಗು ತೆಗೆದುಕೋ, ಹಿಂದಿನ ಬಾಗಿಲು ತೆಗೆದುಕೊಡು, ಓಟಿಪಿ ಕೇಳು, ಹೊರಡು. ಮಾತು ಬೇಕಿದ್ದರೆ ಅವರೇ ಮುಂಬ್ರಾ ಬೈಪಾಸ್ ಬರುವಾಗ ಶುರು ಮಾಡುತ್ತಾರೆ.

ಸರಿ, ಇಷ್ಟೆಲ್ಲ ಹೇಳಿದ್ದಕ್ಕೆ ನನ್ನದೊಂದು ಸ್ವಾರ್ಥವೂ ಉಂಟು. ಬರುವ ತಿಂಗಳು ಮಗ ಬಜ್ಪೆಗೆ ಬೆಳಗಿನ ವಿಮಾನದ ಟಿಕೆಟ್ ತೆಗೆದಿದ್ದಾನೆ, ಗಾಡಿ ನಿನ್ನದೇ ಆಗಬೇಕು. ಎರಡೂ ಮುಕ್ಕಾಲಿಗೆ ಬಾ. ಗೇಟಿನ ಬದಿಯ ಕಟ್ಟೆಯ ಮೇಲೆ ನಾನು ಎರಡೂವರೆಗೇ ಬಂದು ಕೂತಿರುತ್ತೇನೆ, ಒಂದು ಬ್ಯಾಗು, ಒಂದು ಕೈಚೀಲ. ಅವಳು ಮಾತ್ರ ಗ್ಯಾಸ್ ನೋಡಿ ಬರುತ್ತಾಳೆ. ಸ್ವಲ್ಪ ಹೊತ್ತು ಹಿಡಿಯುತ್ತದೆ. ನೀನೂ ಕಟ್ಟೆಯ ಮೇಲೆ ಕೂತುಕೋ, ಥರ್ಮಾಸಿನಲ್ಲಿ ಕಾಫಿ ತಂದಿರುತ್ತೇನೆ.