ತೂಕವಿಳಿಸಲು ಮುದ್ದೆ-ಅನ್ನ ತ್ಯಜಿಸಬೇಕೆ?

ದೇಹದ ತೂಕ ಮಿತಿಮೀರಿದರೆ ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮತ್ತು ಮಂಡಿನೋವಿನ ಸಂಭವ ಹೆಚ್ಚುತ್ತದೆ. ಸ್ತ್ರೀಯರಲ್ಲಿ ಮುಟ್ಟು ಏರುಪೇರಾಗಿ ಗರ್ಭಧಾರಣೆ ತಡವಾಗುವುದೂ ಉಂಟು. ಆದುದರಿಂದ ತೂಕವನ್ನು ಹತೋಟಿಯಲ್ಲಿಡಬೇಕೆಂಬ ಅರಿವು ಗ್ರಾಮಗಳಲ್ಲಿಯೂ ಮೂಡುತ್ತಿರುವುದು ಸಂತೋಷದ ಸಂಗತಿ. ಆದರೆ ಅದಕ್ಕೆ ಹಿಡಿಯುವ ದಾರಿ ಸರಿಯಾದುದಾಗಿರಬೇಕು.

ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಇಂದು ವ್ಯಾಯಾಮಶಾಲೆಗಳೂ ಪ್ರೋಟೀನು ಪುಡಿ ಮಾರುವ ಅಂಗಡಿಗಳೂ ಸಾಮಾನ್ಯವಾಗಿವೆ. ಕನಕಪುರ, ಆನೇಕಲ್ ಕಡೆಯ ಹಳ್ಳಿಗಳಿಂದ ಅಲ್ಲಿಗೆ ದುಡಿಯಲು ಹೋಗಿಬರುವವರೊಡನೆ ನಗರದ ಹೊಸ ಪಥ್ಯವೊಂದು ಹಳ್ಳಿಯ ಮನೆಗಳಿಗೂ ಬರುತ್ತಿದೆ. ಮುದ್ದೆ, ಅನ್ನ, ಚಪಾತಿಗಳನ್ನು ಬಹುಮಟ್ಟಿಗೆ ಬಿಟ್ಟು, ಮಾಂಸ, ಮೊಟ್ಟೆ, ಪನೀರು ಮತ್ತು ಪ್ರೋಟೀನು ಪುಡಿಗಳನ್ನೇ ಸೇವಿಸುವುದು ಈ ಪಥ್ಯದ ಕ್ರಮ. ಇದರ ಸಾಧಕ-ಬಾಧಕಗಳನ್ನು ಪತಿ-ಪತ್ನಿಯರಿಬ್ಬರೂ ತಿಳಿದಿರಬೇಕು.

ಮೊದಲ ವಾರ ಇಳಿಯುವುದೇನು?

ನಾವು ತಿಂದ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು ಶಕ್ತಿಯನ್ನು ಕೊಡುತ್ತದೆ. ಅದರಲ್ಲಿ ಸುಮಾರು ಅರ್ಧ ಕಿಲೋಗ್ರಾಮಿನಷ್ಟು, ಗ್ಲೈಕೊಜೆನ್ ಎಂಬ ರೂಪದಲ್ಲಿ, ಯಕೃತ್ತು ಮತ್ತು ಸ್ನಾಯುಗಳಲ್ಲಿ ದಾಸ್ತಾನಾಗಿರುತ್ತದೆ. ಇದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಪಿಷ್ಟವನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಈ ದಾಸ್ತಾನು ಕರಗಿ, ನೀರು ಮೂತ್ರದೊಡನೆ ಹೊರಹೋಗುತ್ತದೆ. ತೂಕದ ಯಂತ್ರ ಎರಡು ಕಿಲೋ ಕಡಿಮೆ ತೋರಿಸಿದರೂ ಕರಗಿದ ಕೊಬ್ಬು ಅತ್ಯಲ್ಪ. ಹಳೆಯ ಊಟಕ್ಕೆ ಮರಳಿದೊಡನೆ ನೀರೂ ಮರಳುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 609 ಮಂದಿಯ ಮೇಲೆ ಒಂದು ವರ್ಷ ಪರೀಕ್ಷೆ ನಡೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಈ ವ್ಯತ್ಯಾಸ ಗಣನೀಯವಲ್ಲ. ಪಥ್ಯ ಯಾವುದೇ ಇರಲಿ, ಮಿತವಾಗಿ ತಿಂದು ಅದನ್ನು ಬಿಡದೆ ನಡೆಸುವುದೇ ಮುಖ್ಯ.

ಈ ಪಥ್ಯದ ತೊಂದರೆಗಳು

1. ಪಿಷ್ಟ ತೀರ ಕಡಿಮೆಯಾದಾಗ ದೇಹವು ಕೊಬ್ಬನ್ನು ಒಡೆದು ಕೀಟೋನುಗಳೆಂಬ ಪದಾರ್ಥಗಳನ್ನು ಉತ್ಪಾದಿಸುತ್ತದೆ. ತಲೆನೋವು, ಓಕರಿಕೆ, ಆಯಾಸ, ಉಸಿರಿನಲ್ಲಿ ವಾಸನೆ ತೋರಬಹುದು. ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರಿಗೆ ತಲೆ ಸುತ್ತು ಬರಬಹುದು.

2. ಧಾನ್ಯ, ಕಾಳು, ಹಣ್ಣುಗಳು ಕಡಿಮೆಯಾದರೆ ನಾರಿನಂಶ ಸಾಲದೆ ಮಲಬದ್ಧತೆ ಉಂಟಾಗುತ್ತದೆ.

3. ಕೊಬ್ಬುಳ್ಳ ಮಾಂಸ, ಬೆಣ್ಣೆ, ತುಪ್ಪಗಳು ಅತಿಯಾದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಬಹುದು.

4. ಊಟಕ್ಕೆ ಬದಲಾಗಿ ಪ್ರೋಟೀನು ದ್ರವವನ್ನಷ್ಟೇ ಕುಡಿಯುವುದು ಅಪಾಯಕರ. 1977ರ ಸುಮಾರಿಗೆ ಅಮೆರಿಕದಲ್ಲಿ ಇಂತಹ ಪಥ್ಯ ಮಾಡಿದ ಹಲವರು ಹೃದಯದ ಬಡಿತ ಏರುಪೇರಾಗಿ ಮರಣ ಹೊಂದಿದರು.

ಯಾರು ಈ ಪಥ್ಯವನ್ನು ಮಾಡಬಾರದು?

ಗರ್ಭಿಣಿಯರು: ಬೆಳೆಯುವ ಶಿಶುವಿಗೆ ತಾಯಿಯ ರಕ್ತದ ಸಕ್ಕರೆಯೇ ಮುಖ್ಯ ಆಹಾರ. ಗರ್ಭಾವಸ್ಥೆಯಲ್ಲಿ ಉಪವಾಸದಿಂದ ಕೀಟೋನುಗಳು ಬೇಗನೆ ಏರುತ್ತವೆ. ಮಗುವನ್ನು ಬಯಸುವ ದಂಪತಿಗಳು ತೂಕವನ್ನು ಗರ್ಭಧಾರಣೆಗೆ ಮುನ್ನವೇ, ನಿಧಾನವಾಗಿ ಇಳಿಸಿಕೊಳ್ಳುವುದು ಒಳ್ಳೆಯದು.

ಹಾಲೂಡಿಸುವ ತಾಯಂದಿರು: ಹಾಲಿನ ಉತ್ಪಾದನೆಗೆ ಸಕ್ಕರೆಯಂಶ ವ್ಯಯವಾಗುತ್ತದೆ. ಪಿಷ್ಟವನ್ನು ಪೂರ್ತಿ ಬಿಟ್ಟ ಬಾಣಂತಿಯರಲ್ಲಿ, ಅಪರೂಪವಾಗಿಯಾದರೂ, ರಕ್ತ ಆಮ್ಲೀಯವಾಗಿ ಪ್ರಾಣಾಪಾಯ ಒದಗಿದ ಪ್ರಸಂಗಗಳು ವರದಿಯಾಗಿವೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ಸೇವಿಸುವವರು: ಔಷಧದ ಪ್ರಮಾಣ ಹಾಗೆಯೇ ಇದ್ದು ಪಿಷ್ಟ ನಿಂತರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು. ಕೆಲವು ಹೊಸ ಮಾತ್ರೆಗಳೊಡನೆ ಕೀಟೋನುಗಳು ವಿಪರೀತವಾಗಬಹುದು. ವೈದ್ಯರನ್ನು ಕೇಳದೆ ಊಟದ ಕ್ರಮ ಬದಲಿಸಕೂಡದು.

ಮೂತ್ರಪಿಂಡದ ರೋಗವುಳ್ಳವರು: ಅಧಿಕ ಪ್ರೋಟೀನು ರೋಗವನ್ನು ತ್ವರಿತಗೊಳಿಸಬಹುದು. ಈ ರೋಗ ಆರಂಭದಲ್ಲಿ ಲಕ್ಷಣ ತೋರುವುದಿಲ್ಲ; ಆದುದರಿಂದ ಮಧುಮೇಹ, ರಕ್ತದೊತ್ತಡ ಇರುವವರು ರಕ್ತ-ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸರಿಯಾದ ಮಾರ್ಗ

ನಮ್ಮ ಊಟದಲ್ಲಿ ದೋಷವಿಲ್ಲವೆಂದಲ್ಲ. ತಟ್ಟೆಯ ತುಂಬ ಬಿಳಿಯ ಅನ್ನ, ಅದರ ಮೇಲೆ ತೆಳ್ಳನೆಯ ಸಾರು. ಕಾಳು-ಪಲ್ಯ ಸ್ವಲ್ಪ ಮಾತ್ರ. ಇದನ್ನು ತಿದ್ದಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ದಿನದ ಶಕ್ತಿಯಲ್ಲಿ ಶೇಕಡ 45ಕ್ಕಿಂತ ಹೆಚ್ಚು ಧಾನ್ಯಗಳಿಂದ ಬರಬಾರದು. ಸ್ನಾಯು ಬೆಳೆಸಲು ಪ್ರೋಟೀನು ಪುಡಿ ಸೇವಿಸಬೇಡಿರೆಂದೂ ಅದು ಎಚ್ಚರಿಸಿದೆ.

ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಎಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಪ್ರೋಟೀನು ಸಾಕು. ಇದು ಮನೆಯ ಅಡಿಗೆಯಲ್ಲಿಯೇ ದೊರೆಯುತ್ತದೆ:

ರಾಗಿ ಹಿಟ್ಟು 150 ಗ್ರಾಂ – 10 ಗ್ರಾಂ
ಅಕ್ಕಿ 100 ಗ್ರಾಂ – 8 ಗ್ರಾಂ
ಬೇಳೆ, ಹುರುಳಿ, ಅಲಸಂದೆ ಮುಂತಾದವು 85 ಗ್ರಾಂ – 19 ಗ್ರಾಂ
ಹಾಲು, ಮೊಸರು 400 ಮಿಲಿಲೀಟರ್ – 13 ಗ್ರಾಂ

ಮುದ್ದೆಯ ಗಾತ್ರ ಕಿರಿದಾಗಲಿ, ಬಸ್ಸಾರಿನ ಕಾಳು-ಸೊಪ್ಪು ಹೆಚ್ಚಲಿ. ಸಕ್ಕರೆ, ಕರಿದ ತಿಂಡಿ, ಮದ್ಯಗಳನ್ನು ದೂರವಿಡಿ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರದಿರಲಿ.

ಪತಿಯೊಬ್ಬನೇ ಪಥ್ಯ ಹಿಡಿದು, ಪತ್ನಿ ಎರಡು ಬಗೆಯ ಅಡಿಗೆ ಮಾಡಿ, ತಾನು ಉಳಿದುದನ್ನು ಉಣ್ಣುವುದು ತರವಲ್ಲ. ಇಡೀ ಮನೆಗೆ ಹಿತವಾದ ಒಂದೇ ಅಡಿಗೆಯನ್ನು ಇಬ್ಬರೂ ಕೂಡಿ ಯೋಚಿಸಿರಿ. ಸಂಶಯವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣಿರಿ.