ಹಳೆಯ ಕೊಟ್ಟಿಗೆಯಲ್ಲಿ ಕೋಳಿಮನೆ: ಶಾಖಶಾಸ್ತ್ರದ ಒಂದು ಪಾಠ

ಎತ್ತುಗಳ ಸ್ಥಾನಕ್ಕೆ ಟ್ರಾಕ್ಟರು ಬಂದ ಮೇಲೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಅನೇಕ ದನದ ಕೊಟ್ಟಿಗೆಗಳು ಅರ್ಧ ಬರಿದಾಗಿವೆ. ಬರಿದಾದ ಭಾಗವನ್ನು ಅಡ್ಡಗೋಡೆಯಿಂದ ಬೇರ್ಪಡಿಸಿ ಇಪ್ಪತ್ತೈದು ಕೋಳಿಗಳನ್ನು ಸಾಕಿದರೆ ಮನೆಯ ಕೈಖರ್ಚಿಗೆ ಮೊಟ್ಟೆಯ ಹಣ ಒದಗೀತು. ಆದರೆ ಬಾಗಿಲಿಟ್ಟು ಕೋಳಿ ಬಿಟ್ಟ ಮಾತ್ರಕ್ಕೆ ಕೊಟ್ಟಿಗೆ ಕೋಳಿಮನೆಯಾಗದು. ಯಾವ ರೋಗವೂ ಇಲ್ಲದೆ, ಬೇಸಗೆಯ ಒಂದೇ ಮಧ್ಯಾಹ್ನದಲ್ಲಿ ಹಿಂಡಿಗೆ ಹಿಂಡೇ ಸತ್ತುಬೀಳುವುದುಂಟು. ಇದು ಹೇಗೆ ಸಂಭವಿಸುತ್ತದೆ, ಇದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಭೌತವಿಜ್ಞಾನದ ಸಹಾಯದಿಂದ ವಿಚಾರಿಸೋಣ.

ಕೋಳಿಯ ಶರೀರದ ಉಷ್ಣತೆ ಸುಮಾರು ೪೧ ಡಿಗ್ರಿ ಸೆಂಟಿಗ್ರೇಡ್. ಎರಡು ಕಿಲೋಗ್ರಾಂ ತೂಗುವ ಕೋಳಿಯೊಂದು ಸೆಕೆಂಡಿಗೆ ಸುಮಾರು ೧೦ ಜೂಲ್ ಶಾಖವನ್ನು ಉತ್ಪಾದಿಸುತ್ತದೆ. ಇಪ್ಪತ್ತೈದು ಕೋಳಿಗಳೆಂದರೆ ೨೫೦ ವಾಟಿನ ಒಲೆಯೊಂದು ಹಗಲಿರುಳೂ ಉರಿದಂತೆ. ಹವೆ ತಂಪಾಗಿರುವಾಗ ಈ ಶಾಖವು ವಹನ, ಸಂವಹನ, ವಿಕಿರಣಗಳೆಂಬ ಮೂರು ಮಾರ್ಗಗಳಿಂದ ಹೊರಹೋಗುತ್ತದೆ. ಈ ಮೂರಕ್ಕೂ ಉಷ್ಣತೆಯ ಅಂತರವೇ ಆಧಾರ. ಸುತ್ತಲಿನ ಗಾಳಿಯೂ ಗೋಡೆಗಳೂ ೩೮ ಡಿಗ್ರಿಗೆ ಏರಿದಾಗ ಉಳಿಯುವ ಅಂತರ ಮೂರೇ ಡಿಗ್ರಿ. ಮೂರು ಮಾರ್ಗಗಳೂ ಬಹುಮಟ್ಟಿಗೆ ಮುಚ್ಚಿಹೋದವೆಂದೇ ತಿಳಿಯಬೇಕು. ಮನುಷ್ಯನಾದರೆ ಬೆವರುತ್ತಾನೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದು ಕೊಕ್ಕು ತೆರೆದು ಏದುಸಿರು ಬಿಡುತ್ತ, ಉಸಿರಿನ ಮಾರ್ಗದ ತೇವವನ್ನು ಆವಿಯಾಗಿಸಿ ತಂಪಾಗಬೇಕು.

ಈಗ ಸ್ವಲ್ಪ ಲೆಕ್ಕ. ಶರೀರದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೨,೪೦೦ ಜೂಲ್ ಗುಪ್ತೋಷ್ಣ ಬೇಕು. ಗಂಟೆಗೆ ೩೬,೦೦೦ ಜೂಲ್ ಕಳೆಯಬೇಕಾದರೆ ಒಂದು ಕೋಳಿ ೧೫ ಗ್ರಾಂ, ಇಪ್ಪತ್ತೈದು ಕೋಳಿಗಳು ೩೭೫ ಗ್ರಾಂ ನೀರನ್ನು ಆವಿಯಾಗಿಸಬೇಕು. ಕೋಣೆಯ ಉದ್ದ, ಅಗಲ ಮೂರು ಮೂರು ಮೀಟರ್, ಎತ್ತರ ಎರಡೂವರೆ ಮೀಟರ್ ಇರಲಿ, ಗಾತ್ರ ೨೨.೫ ಘನಮೀಟರ್. ೩೮ ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ೪೬ ಗ್ರಾಂ ಆವಿಯನ್ನು ಹಿಡಿದೀತು. ಮೊದಲೇ ಅದರ ಅರ್ಧದಷ್ಟು ಆವಿ ಇದ್ದಲ್ಲಿ, ಇಡೀ ಕೋಣೆಯಲ್ಲಿ ಸುಮಾರು ೫೨೦ ಗ್ರಾಮಿಗೆ ಮಾತ್ರ ಅವಕಾಶ. ಕಿಂಡಿಗಳನ್ನೆಲ್ಲ ಮುಚ್ಚಿದರೆ ಒಂದೂವರೆ ಗಂಟೆಯೊಳಗೆ ಗಾಳಿ ಸಂತೃಪ್ತವಾಗುತ್ತದೆ. ಆಮೇಲೆ ಎಷ್ಟು ಏದಿದರೂ ಪ್ರಯೋಜನವಿಲ್ಲ. ಆದುದರಿಂದ ಕೋಳಿಮನೆಗೆ ಗಾಳಿಯ ಸಂಚಾರವೇ ಪ್ರಾಣ.

ಹಳೆಯ ಕೊಟ್ಟಿಗೆಯ ದಪ್ಪ ಮಣ್ಣಿನ ಗೋಡೆ ಹಗಲಿನ ಶಾಖವನ್ನು ಒಳಗೆ ಬಿಡದೆ ತಡೆಯುತ್ತದೆ. ಇದು ಅದರ ಗುಣ. ಕಿರುಗಿಂಡಿಗಳು ಅದರ ದೋಷ. ಗುಣವನ್ನು ಉಳಿಸಿಕೊಂಡು ದೋಷವನ್ನು ತಿದ್ದಬೇಕು. ಕಟ್ಟಡವು ಪೂರ್ವಪಶ್ಚಿಮವಾಗಿ ಉದ್ದವಾಗಿದ್ದರೆ ಪೂರ್ವದ ತುದಿಯನ್ನು ಆರಿಸುವುದು ಮೇಲು. ಅಪರಾಹ್ನದ ಬಿಸಿಲು ಬಡಿಯುವುದು ಪಶ್ಚಿಮದ ಗೋಡೆಗೆ. ಉತ್ತರ ದಕ್ಷಿಣದ ಗೋಡೆಗಳನ್ನು ಮೊಣಕಾಲೆತ್ತರಕ್ಕೆ ಉಳಿಸಿ, ಮೇಲಿನ ಭಾಗವನ್ನು ತೆರೆದು ಸಣ್ಣ ಕಣ್ಣಿನ ತಂತಿಬಲೆ ಹೊಡೆಯಬೇಕು. ಗೋಡೆಯು ಮಾಡಿನ ಭಾರವನ್ನು ಹೊತ್ತಿರುವುದರಿಂದ ಒಡೆಯುವ ಮೊದಲು ತೊಲೆಗಳಿಗೆ ಕಂಬ ಕೊಡುವುದನ್ನು ಮರೆಯಬಾರದು. ಬಲೆಯು ಗಾಳಿಗೆ ದಾರಿ ಬಿಟ್ಟು ಮುಂಗುಸಿ, ಕಾಡುಬೆಕ್ಕುಗಳನ್ನು ತಡೆಯುತ್ತದೆ. ಮಳೆಯ ಎರಚಲಿಗೆ ಗೋಣಿಯ ಪರದೆ ಸಾಕು. ಬಿಸಿಯಾದ ಗಾಳಿ ಹಗುರ. ಆವಿ ಬೆರೆತರೆ ಇನ್ನೂ ಹಗುರ. ಅದು ಮೇಲೇರಿ ಹೊರಹೋಗಲು ಮಾಡಿನ ನೆತ್ತಿಯಲ್ಲಿ ಒಂದು ಕಿಂಡಿ ಇರಬೇಕು.

ಮಾಡು ಸೋರುತ್ತದೆಂದು ಹಂಚು ತೆಗೆದು ತಗಡು ಹೊದಿಸುವುದು ರೂಢಿ. ೧೮೭೯ರಲ್ಲಿ ಸ್ಟೆಫಾನನು ಕಂಡ ನಿಯಮದಂತೆ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾದುದು. ಹಂಚಿನ ಒಳಮೈ ೪೦ ಡಿಗ್ರಿಯಲ್ಲೂ ತುಕ್ಕುಹಿಡಿದ ತಗಡು ೬೦ ಡಿಗ್ರಿಯಲ್ಲೂ ಇದ್ದರೆ, ಇತರ ಗುಣಗಳು ಸಮವಾಗಿದ್ದಲ್ಲಿ, ತಗಡು ಕೋಳಿಗಳ ಮೇಲೆ ನೂರಕ್ಕೆ ೨೮ರಷ್ಟು ಹೆಚ್ಚು ವಿಕಿರಣವನ್ನು ಸುರಿಯುತ್ತದೆ. ಹಂಚನ್ನೇ ಸರಿಪಡಿಸಿ, ಹೊರಮೈಗೆ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಿರುಗುತ್ತದೆ.

ಇನ್ನು ನೆಲ. ಭತ್ತದ ಹೊಟ್ಟನ್ನೋ ಕಡಲೆಕಾಯಿಯ ಸಿಪ್ಪೆಯನ್ನೋ ದಪ್ಪನಾಗಿ ಹರಡಿ ಆಗಾಗ ಕೆದಕಬೇಕು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವು ತೇವ ದೊರೆತಾಗ ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯ ಅನಿಲವಾಗುತ್ತದೆ. ಅದು ಕೋಳಿಗಳ ಕಣ್ಣು, ಶ್ವಾಸಕೋಶಗಳಿಗೆ ಹಾನಿಕರ. ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಬೇಕು. ರಾತ್ರಿ ಹೊರಬಂದು ರಕ್ತ ಹೀರುವ ಉಣ್ಣಿಗಳಿಗೆ ಅವು ಹಗಲಿನ ಮನೆ.

ವಿದ್ಯಾರ್ಥಿಗಳು ಈ ವಿಷಯವನ್ನು ತಾವೇ ಪರೀಕ್ಷಿಸಬಹುದು. ಕೋಳಿಮನೆಯಲ್ಲಿ ಎರಡು ಉಷ್ಣಮಾಪಕಗಳನ್ನು ತೂಗುಹಾಕಿ, ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿರಿ. ಮಧ್ಯಾಹ್ನ ಎರಡು ಗಂಟೆಗೆ, ಬೀಸಣಿಗೆಯಿಂದ ಗಾಳಿ ಹಾಕುತ್ತ, ಎರಡನ್ನೂ ಓದಿರಿ. ಅಂತರ ಹೆಚ್ಚಾಗಿದ್ದರೆ ಗಾಳಿಗೆ ಇನ್ನೂ ಆವಿಯನ್ನು ಹೀರುವ ಶಕ್ತಿಯಿದೆ. ಅಂತರ ಎರಡು ಮೂರು ಡಿಗ್ರಿಗೆ ಇಳಿದಿದ್ದು ಕೋಳಿಗಳು ಕೊಕ್ಕು ತೆರೆದಿದ್ದರೆ, ತಡಮಾಡದೆ ಪರದೆಗಳನ್ನು ಮೇಲೆತ್ತಿರಿ.